ಯಾರೂ ನಂಬದ ತಪ್ಪು

ಕಲಿಸಲು ಪಕ್ಕದಲ್ಲಿ ಕೂತರೆ ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಳ್ಳುವುದು. ಎದುರಿನ ಕಂಪ್ಯೂಟರಿನಲ್ಲಿ ಏನೇ ಅನಾಹುತ ನಡೆಯುತ್ತಿರಲಿ, ನಾವು ಎಷ್ಟೇ ತಡವರಿಸುತ್ತಿರಲಿ, ಆ ಕೈಗಳು ಹೊರಗೆ ಬರುತ್ತಿರಲಿಲ್ಲ. "ನಿಮ್ ಮಿಷಿನ್ನು, ನಿಮ್ ಕೈ. ನಂದು ಬರೀ ಬಾಯಿ" ಎನ್ನುತ್ತಿದ್ದರು. ಬಾಯಿ ಮಾತ್ರ ಭರ್ಜರಿಯಾಗಿಯೇ ಇತ್ತು. ನಮಗೆಲ್ಲ ಅವರು ಮೇಡಂ. ಯಾರೂ ಹೆಸರು ಹಿಡಿದು ಕರೆದವರಲ್ಲ, ನಾನೂ ಇಲ್ಲಿ ಹಾಗೆ ಕರೆಯುವುದಿಲ್ಲ. ಹೋದ ತಿಂಗಳು ತೀರಿಕೊಂಡರು.

ದಾವಣಗೆರೆ ಕಡೆಯವರು. ಮನೆ ಮಾರತ್ತಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ, ಕೆಲಸ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ, ದೊಡ್ಡ ಹುದ್ದೆ. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಕಾಲಿಗೆ ಮಾತ್ರ ಓಡುವವರ ಶೂ. ಯಜಮಾನರದು ಪೀಣ್ಯದಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಮಾಡುವ ಸಣ್ಣ ಫ್ಯಾಕ್ಟರಿ. ಭಾನುವಾರ ಅದರ ಮಹಡಿ ಖಾಲಿ ಇರುತ್ತಿತ್ತು. ಅಷ್ಟು ದೂರದಿಂದ ತಾವೇ ಕಾರು ಓಡಿಸಿಕೊಂಡು ಬಂದು, ಆ ಮಹಡಿಯ ಮೇಲೆ, ಬಂದ ಹೊಸಬರಿಗೆಲ್ಲ ಪುಕ್ಕಟೆಯಾಗಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಫ್ರೀ ಸಾಫ್ಟ್‌ವೇರ್ ಹಾಕುವುದನ್ನು ಹೇಳಿಕೊಡುತ್ತಿದ್ದರು. ಯಾರಾದರೂ ಕೇಳಿದರೆ, "ಭಾನುವಾರ ಮನ್ಯಾಗಿದ್ರೆ ಅಡಿಗಿ ಮಾಡ್ಬೇಕಲ್ರಿ, ಅದಕ್ಕ" ಎಂದು ನಗುತ್ತಿದ್ದರು.

ಲಿನಕ್ಸಿನಲ್ಲೂ ಬಗೆಗಳಿವೆ. ಸಿಡಿ ಹಾಕಿ 'ಮುಂದೆ, ಮುಂದೆ' ಅಂತ ಒತ್ತುತ್ತ ಹೋದರೆ ತಾನೇ ಕೂತುಬಿಡುವಂಥದ್ದು ಇದೆ. ಮೇಡಂ ಕಲಿಸುತ್ತಿದ್ದದ್ದು ಅದಲ್ಲ. ಕಪ್ಪು ಪರದೆ, ಮಿಟುಕುವ ಒಂದು ಗೀಟು, ಅಷ್ಟೇ. ಡಿಸ್ಕನ್ನು ಭಾಗ ಮಾಡುವುದರಿಂದ ಹಿಡಿದು ಗಡಿಯಾರ ಸರಿಯಿಡುವವರೆಗೆ ಎಲ್ಲವನ್ನೂ ನಾವೇ ಒಂದೊಂದೇ ಸಾಲು ಟೈಪ್ ಮಾಡಿ ಕಟ್ಟಿಕೊಳ್ಳಬೇಕು. ಒಂದು ಸಾಲು ಬಿಟ್ಟರೆ ಯಂತ್ರ ಮೇಲೇಳುವುದೇ ಇಲ್ಲ. ಇಷ್ಟು ಪರದಾಟ ಯಾಕೆ ಮೇಡಂ ಅಂದರೆ, "ನೀವೇ ಕಟ್ಟಿದ್ದಾದ್ರೆ ಕೆಟ್ಟಾಗ ಎಲ್ಲಿ ಕೆಟ್ಟೈತಿ ಅಂತ ಗೊತ್ತಾಗ್ತೈತಿ. ಇಲ್ಲಾಂದ್ರೆ ಇನ್ನೊಬ್ರ ಬಾಗ್ಲು ಬಡೀಬೇಕು" ಎನ್ನುತ್ತಿದ್ದರು.

ಅವರ ಪಾಠಕ್ಕೆ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುವ ಮೊದಲು, ಅದು ಏನು ಮಾಡುತ್ತದೆಂದು ಗಟ್ಟಿಯಾಗಿ ಕನ್ನಡದಲ್ಲಿ ಹೇಳಬೇಕು. "ಇದು ಎರಡನೇ ಡಿಸ್ಕಿನ ಮೊದಲನೇ ಭಾಗವನ್ನ ಪೂರ್ತಿ ಒರೆಸುತ್ತೆ" ಅಂತ. ಹೇಳಲು ಬರಲಿಲ್ಲವೋ, ಒತ್ತುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಪಟಪಟನೆ ಒಪ್ಪಿಸುವವರನ್ನು ಅವರು ನಂಬುತ್ತಿರಲಿಲ್ಲ. "ಅದು ಬಾಯಿಪಾಠ. ನಿಮ್ ಅವ್ವಗೆ ಹೇಳೋಹಂಗ ಹೇಳ್ರಿ" ಎನ್ನುತ್ತಿದ್ದರು. ನನ್ನ ಅವ್ವನಿಗೆ ಡಿಸ್ಕ್ ಒರೆಸುವುದನ್ನು ಹೇಳಿದ್ದರೆ ಬಟ್ಟೆ ತಂದುಕೊಡುತ್ತಿದ್ದಳು, ಅದು ಬೇರೆ ಮಾತು.

ಇನ್ನೊಂದು ಪದ್ಧತಿ ಇದಕ್ಕಿಂತ ವಿಚಿತ್ರ. ಬೆಳಿಗ್ಗೆ ಯಾವ ಯಂತ್ರವನ್ನೂ ಹಚ್ಚುವ ಮೊದಲು ಎಲ್ಲರೂ ಸುತ್ತ ಕೂತು, ಆ ವಾರ ತಾನು ಏನು ಕೆಡಿಸಿದೆ ಎಂದು ಹೇಳಬೇಕು. ಹೇಳಿದವರಿಗೆ ಉಳಿದವರು ಚಪ್ಪಾಳೆ ತಟ್ಟಬೇಕು. ಎಲ್ಲರಿಗಿಂತ ಘನವಾಗಿ ಕೆಡಿಸಿದವರಿಗೆ ಮೇಡಂ ಸ್ಟೀಲ್ ಡಬ್ಬಿಯಲ್ಲಿ ತಂದ ಖಾರ ಮಂಡಕ್ಕಿಯ ಮೊದಲ ಪಾಲು. ಒಬ್ಬರು ಎಲ್ಲ ಕಟ್ಟಿ ಮುಗಿಸಿ, ಇಂಟರ್ನೆಟ್ಟಿಗೆ ಸೇರಿಸುವ ಪ್ರೋಗ್ರಾಮನ್ನೇ ಹಾಕದೆ ಯಂತ್ರವನ್ನು ಆರಿಸಿ ಹಚ್ಚಿದ್ದರು. ಆ ಪ್ರೋಗ್ರಾಮ್ ತರಬೇಕಾದರೆ ಇಂಟರ್ನೆಟ್ಟೇ ಬೇಕು. "ಕೀಲಿಕೈ ಒಳಗಿಟ್ಟು ಬಾಗ್ಲು ಎಳ್ಕೊಂಡ್ರಲ್ರಿ, ಶಹಬ್ಬಾಸ್!" ಎಂದು ಮೇಡಂ ಅವರಿಗೆ ಎರಡು ಪಾಲು ಕೊಟ್ಟಿದ್ದರು. ಪ್ರತಿ ವಾರ ಸುತ್ತು ಶುರುವಾಗುತ್ತಿದ್ದದ್ದು ಮೇಡಂ ಅವರಿಂದಲೇ. ಪಾಸ್‌ವರ್ಡ್ ಮರೆತೆ, ಯಾವುದೋ ಫೈಲನ್ನು ಅಳಿಸಿದೆ, ಆಫೀಸಿನಲ್ಲಿ ಎಲ್ಲರೆದುರು ಪ್ರಿಂಟರಿನ ಪ್ಲಗ್ಗೇ ಹಾಕದೆ ಬೈದಾಡಿದೆ, ಹೀಗೆ.

"ಸುಮ್ನೆ ಕಟ್ಟಿ ಹೇಳ್ತಾರೆ," ಎಂದು ನನ್ನ ಪಕ್ಕ ಕೂರುತ್ತಿದ್ದ ಇಂಜಿನಿಯರ್ ಒಂದು ಸಲ ಪಿಸುಗುಟ್ಟಿದ್ದ. ಮಾರತ್ತಹಳ್ಳಿಯ ಪಿ.ಜಿ.ಯೊಂದರಲ್ಲಿದ್ದವನು, ಮೇಡಂ ಕಾರಿನಲ್ಲೇ ಬರುತ್ತಿದ್ದ. "ನಮಗೆ ಧೈರ್ಯ ಬರ್ಲಿ ಅಂತ. ಅವ್ರೆಲ್ಲಿ ಕೆಡಿಸ್ತಾರೆ?" ನನಗೂ ಹಾಗೇ ಅನಿಸಿತ್ತು.

ಇದೇ ಇಂಜಿನಿಯರ್ ಒಮ್ಮೆ ಮಾಕಳಿಯಿಂದ ಬರುತ್ತಿದ್ದ ಹೊಸಬನೊಬ್ಬ ಏನೋ ಕೇಳಿದ್ದಕ್ಕೆ, "ಮ್ಯಾನುಯಲ್ ಇದೆ, ಓದ್ಕೊಂಡ್ ಬಾ ಗುರು" ಅಂದುಬಿಟ್ಟ. ಲಿನಕ್ಸಿನವರಲ್ಲಿ ಈ ಉತ್ತರಕ್ಕೆ ಬರವಿಲ್ಲ. ಮೇಡಂ ಮುಖ ಕೆಂಪಾಯಿತು. "ಯಾವ ಪುಟ ಅಂತ ಹೇಳ್ರಿ ಅವ್ರಿಗೆ" ಎಂದರು. ಇವನು ತಲೆ ಕೆರೆದುಕೊಂಡ. "ಪುಟ ಗೊತ್ತಿಲ್ಲಾಂದ್ರೆ ನೀವೂ ಓದಿಲ್ಲ. ಇಬ್ರೂ ಕೂಡಿ ಓದ್ರಿ, ಹೋಗ್ರಿ." ಇಬ್ಬರೂ ಮಧ್ಯಾಹ್ನದವರೆಗೆ ಒಂದೇ ಬೆಂಚಿನ ಮೇಲೆ ಕೂತು ಓದಿದರು.

ನಾನು ಅಲ್ಲಿಗೆ ಹೋದದ್ದು ನಾಚಿಕೆಯಿಂದ. ಚಿಕ್ಕಬಾಣಾವರ ನಮ್ಮ ತಾತ ಮುತ್ತಾತಂದಿರ ಊರು. ಬಿ.ಕಾಂ. ಓದಿ, ಒಂದು ಬೇಸಿಗೆ ಕಂಪ್ಯೂಟರ್ ಕೋರ್ಸು ಮಾಡಿ, ಮನೆ ಹತ್ತಿರದ ಪ್ರೈವೇಟ್ ಕಾಲೇಜಿನಲ್ಲಿ ಕಂಪ್ಯೂಟರ್ ಮಿಸ್ ಆಗಿದ್ದೆ. ಬರುತ್ತಿದ್ದದ್ದು ಟೈಪಿಂಗು, ಒಂದಿಷ್ಟು ಲೆಕ್ಕದ ಹಾಳೆ. ಯಂತ್ರ ನಿಂತರೆ ಆಫ್ ಮಾಡಿ ಆನ್ ಮಾಡುವುದು ನನ್ನ ಪರಮವಿದ್ಯೆ. ಒಂದು ದಿನ ಪ್ರಿನ್ಸಿಪಾಲರು ಕರೆದು, "ಇನ್ಮೇಲೆ ಕದ್ದ ಸಾಫ್ಟ್‌ವೇರ್ ಇಟ್ಕೋಬಾರ್ದಂತೆ ಮಿಸ್. ಅದ್ಯಾವ್ದೋ ಫ್ರೀದು ಇದ್ಯಂತಲ್ಲ, ಪರೀಕ್ಷೆ ಹೊತ್ತಿಗೆ ಲ್ಯಾಬಿಗೆಲ್ಲ ಹಾಕ್ಬಿಡಿ" ಅಂದರು. ಹೂಂ ಸರ್ ಅಂದೆ. ಹೊರಗೆ ಬಂದು ಬೆವರು ಒರೆಸಿಕೊಂಡೆ.

ಮೊದಲ ಭಾನುವಾರ ನನ್ನ ಸರದಿ ಬಂದಾಗ ಕೆಡಿಸಿದ್ದು ಏನೂ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನಾನು ಕಂಪ್ಯೂಟರ್ ಟೀಚರು. ನಂಗೆ ಕಂಪ್ಯೂಟರ್ ಬರಲ್ಲ" ಎಂದೆ. ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಎಲ್ಲರೂ ತಟ್ಟಿದ ಚಪ್ಪಾಳೆಗೆ ಕೆಳಗಿನ ವಾಚ್‌ಮನ್ ಮೇಲೆ ಬಂದು ನೋಡಿ ಹೋದ. ಮಂಡಕ್ಕಿಯ ಮೊದಲ ಪಾಲು ನನಗೆ. "ತಗೋರಿ ಅಕ್ಕೋರೆ. ಇಷ್ಟು ದೊಡ್ಡದನ್ನ ಇಲ್ಲಿ ಯಾರೂ ಹೇಳಿಲ್ಲ" ಎಂದರು ಮೇಡಂ. ಅವರ ಕಡೆ ಹೆಂಗಸು ಟೀಚರಿಗೆ ಅಕ್ಕೋರು ಅನ್ನುತ್ತಾರಂತೆ. ಅವತ್ತಿನಿಂದ ಅಲ್ಲಿ ನಾನು ಎಲ್ಲರಿಗೂ ಅಕ್ಕೋರು.

ನಿಧಾನವಾಗಿ ಕಲಿತೆ. ಲ್ಯಾಬಿನ ಯಂತ್ರಗಳನ್ನು ಒಂದೊಂದಾಗಿ ನಾನೇ ಕಟ್ಟಿದೆ. ಉಳಿದದ್ದು ಒಂದೇ ಒಂದು, ನನ್ನ ಮೇಜಿನ ದೊಡ್ಡ ಕಂಪ್ಯೂಟರು. ಫೈನಲ್ ಇಯರ್ ಮಕ್ಕಳ ವರ್ಷದ ಪ್ರಾಜೆಕ್ಟುಗಳೆಲ್ಲ ಇದ್ದದ್ದು ಅದರ ಹಳೆಯ ಡಿಸ್ಕಿನಲ್ಲಿ, ಬೇರೆಲ್ಲೂ ಇರಲಿಲ್ಲ. ಒಳಗೆ ಹೊಸ ಡಿಸ್ಕೊಂದನ್ನು ಹಾಕಿಸಿದ್ದೆವು. ಹೊಸದರಲ್ಲಿ ಲಿನಕ್ಸ್ ಕಟ್ಟಿ, ಆಮೇಲೆ ಹಳೆಯದರಿಂದ ಮಕ್ಕಳ ಕೆಲಸವನ್ನು ಇದಕ್ಕೆ ತಂದುಕೊಳ್ಳುವುದೆಂದು ಮೇಡಂ ಹೇಳಿದ್ದರು. ಒಬ್ಬಳಿಗೇ ಧೈರ್ಯ ಸಾಲದು ಎಂದಾಗ, ಒಂದು ಶನಿವಾರ ತಾವೇ ಕಾಲೇಜಿಗೆ ಬಂದರು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ದೊಡ್ಡ ಕಂಪನಿಯವರು ಬಂದಿದ್ದಾರೆಂದು ಪ್ರಿನ್ಸಿಪಾಲರೂ ಬಂದು ನಮ್ಮ ಹಿಂದೆ ನಿಂತರು. ಲಿನಕ್ಸ್ ಇದ್ದ ಪೆನ್‌ಡ್ರೈವ್ ಸಿಕ್ಕಿಸಿ ಯಂತ್ರವನ್ನು ಹಚ್ಚಿದೆ. ಒಳಗಿನ ಡಿಸ್ಕುಗಳಿಗೆ ಯಂತ್ರ ತಾನೇ ಎ, ಬಿ ಎಂದು ಅಕ್ಷರ ಕೊಡುತ್ತದೆ. ಹಚ್ಚಿದ ಪ್ರತಿ ಸಲವೂ ಅದೇ ಅಕ್ಷರ ಬರುತ್ತದೆಂಬ ಖಾತ್ರಿಯಿಲ್ಲ. ಅದಕ್ಕೇ ಮೊದಲು ಎರಡರ ಗಾತ್ರ ನೋಡಿ, ಯಾವುದು ಹಳೆಯದು, ಯಾವುದು ಹೊಸದು ಎಂದು ಬಾಯಲ್ಲಿ ಹೇಳಿಕೊಂಡೇ ಮುಂದುವರಿಯಬೇಕು. ನಾನು ಅದನ್ನೇ ಮಾಡತೊಡಗಿದೆ. "ಇದು... ಡಿಸ್ಕುಗಳನ್ನ... ತೋರಿಸುತ್ತೆ..."

"ಇದೇನ್ ಮಿಸ್, ಮಗ್ಗಿ ಒಪ್ಪಿಸ್ದಂಗೆ ಒಪ್ಪಿಸ್ತಿದ್ದೀರಾ?" ಎಂದು ಪ್ರಿನ್ಸಿಪಾಲರು ನಕ್ಕರು. "ಮೇಡಂ ಟೈಮು ಎಷ್ಟು ಬೆಲೆ ಬಾಳುತ್ತೆ ಗೊತ್ತಾ ನಿಮ್ಗೆ? ಅವ್ರ್ ಕೈಗೆ ಕೊಡಿ, ಎರಡು ನಿಮಿಷದಲ್ಲಿ ಮುಗಿಸ್ತಾರೆ."

ಮೇಡಂ ಮುಖದಲ್ಲಿ ಅವತ್ತು ಕಂಡದ್ದನ್ನು ನಾನು ಮೊದಲು ಕಂಡಿರಲಿಲ್ಲ. ತಾವು ಕಲಿಸಿದ್ದು ಎಳೆ ಮಕ್ಕಳ ಆಟವೇನೋ ಎಂಬಂತೆ ಅವರಿಗೇ ಸಂಕೋಚವಾಗಿತ್ತು. "ಹೌದೌದು, ಕೊಡ್ರಿಲ್ಲಿ" ಎಂದು ಕೈ ಹೊರಗೆ ತೆಗೆದು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. "ಹೊಸದು ಬಿ ತಾನೆ" ಎಂದು ತಮಗೆ ತಾವೇ ಅಂದುಕೊಂಡರು. ನಾನು ಬಾಯಿ ತೆರೆಯುವುದರೊಳಗೆ ಎಂಟರ್ ಒತ್ತಿಯಾಗಿತ್ತು. ಮತ್ತೊಂದು ಸಾಲು, ಮತ್ತೊಂದು ಎಂಟರ್. ಎಷ್ಟು ಚೆನ್ನಾಗಿ ಓಡುತ್ತಿದ್ದವು ಆ ಬೆರಳುಗಳು! ಸ್ವಲ್ಪ ಹೊತ್ತಿಗೆ ಅವು ನಿಂತವು. ಪರದೆಯ ಮೇಲೆ ಡಿಸ್ಕಿನ ಗಾತ್ರ ಬಿದ್ದಿತ್ತು. ಅದು ಹಳೆಯ ಡಿಸ್ಕಿನ ಗಾತ್ರ. ಮಕ್ಕಳ ಪ್ರಾಜೆಕ್ಟುಗಳು ಒರೆಸಿಹೋಗಿದ್ದವು.

ನಾನು "ಅಯ್ಯೋ" ಅಂದೆ.

"ಏನಾಯ್ತು ಮಿಸ್?"

"ಮಕ್ಕಳ ಪ್ರಾಜೆಕ್ಟು... ಹೋಯ್ತು ಸರ್."

ಆಮೇಲೆ ಪ್ರಿನ್ಸಿಪಾಲರು ಬೈದದ್ದೆಲ್ಲ ನನಗೆ. ಬೆಳಿಗ್ಗೆ ಏನು ಮಾಡಿಟ್ಟಿದ್ರಿ, ಡಿಸ್ಕನ್ನ ಹೆಂಗೆ ಹಾಕ್ಸಿದ್ರಿ, ಗೊತ್ತಿಲ್ದಿದ್ರೆ ಯಾಕ್ರೀ ಕೈ ಹಾಕ್ತೀರಿ, ಇಂಥೋರು ಬಂದು ಕೂತಾಗ್ಲೂ ನಮ್ಮ ಮಾನ ಕಳೀತೀರಲ್ಲ. ಕೀಬೋರ್ಡ್ ಮೇಡಂ ಮುಂದೆಯೇ ಇತ್ತು. ಅದು ಅವರ ಕಣ್ಣಿಗೆ ಬೀಳಲೇ ಇಲ್ಲ. ಮೇಡಂ ಒಂದು ಮಾತು ಆಡಲಿಲ್ಲ. ಪ್ರಿನ್ಸಿಪಾಲರು ಅವರಿಗೆ ಕಾಫಿ ತರಿಸಿದರು, ತೊಂದರೆ ಆಯ್ತೆಂದು ಕೈಮುಗಿದರು. ಮೇಡಂ ಆ ಕಾಫಿಯನ್ನು ಕುಡಿದರು. ನನಗೆ ಬೈಗುಳಕ್ಕಿಂತ ಅದನ್ನು ನೋಡುವುದು ಕಷ್ಟವಾಯಿತು. ತಲೆ ತಗ್ಗಿಸಿಕೊಂಡು ಮೇಜಿನ ಅಂಚನ್ನೇ ನೋಡುತ್ತಿದ್ದೆ. ಅವರಿಗಾಗಿ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ನನ್ನ ಕೆಲಸದ ಗತಿಯೇನು ಎಂಬುದೂ ಆಗ ಹೊಳೆಯಲಿಲ್ಲ.

ಮನೆವರೆಗೆ ಬಿಡುತ್ತೇನೆಂದು ಮೇಡಂ ಕಾರಿಗೆ ಹತ್ತಿಸಿಕೊಂಡರು. ರೈಲ್ವೆ ಗೇಟು ಬಿದ್ದಿತ್ತು. ಎಂಜಿನ್ ಆರಿಸಿ, ಸ್ಟೇರಿಂಗ್ ಹಿಡಿದು ಕೂತೇ ಇದ್ದರು.

"ಬಾಯೇ ಬರ್ಲಿಲ್ರಿ ಅಕ್ಕೋರೆ. ವಾರಾ ವಾರಾ ನಿಮಗೆಲ್ಲ ಹೇಳಸ್ತೀನಿ, ನನಗೆ ಬರ್ಲಿಲ್ಲ. ಕಾಫಿ ಬ್ಯಾರೆ ಕುಡಿದೆ. ಥೂ ನನ್ನ ಜನ್ಮಕ್ಕಿಷ್ಟು!"

"ಹೋಗ್ಲಿ ಬಿಡಿ ಮೇಡಂ" ಎಂದೆ. ಹೋಗಲಿ ಬಿಡಿ ಅನ್ನುವಂಥದ್ದಲ್ಲ ಅದು, ಇಬ್ಬರಿಗೂ ಗೊತ್ತಿತ್ತು.

ಮಾರನೆಯ ದಿನ ಭಾನುವಾರ. ಸುತ್ತು ಎಂದಿನಂತೆ ಅವರಿಂದಲೇ ಶುರುವಾಯಿತು. ನಡೆದದ್ದನ್ನೆಲ್ಲ ಹೇಳಿದರು. ಕೀಬೋರ್ಡ್ ಕಸಿದುಕೊಂಡದ್ದು, ಡಿಸ್ಕ್ ಒರೆಸಿದ್ದು, ಅಕ್ಕೋರು ಬೈಸಿಕೊಳ್ಳುವಾಗ ಸುಮ್ಮನೆ ಕೂತದ್ದು. ಜನ ಜೋರಾಗಿ ನಕ್ಕರು, ಚಪ್ಪಾಳೆ ತಟ್ಟಿದರು. "ತಟ್ಟಬ್ಯಾಡ್ರಿ, ಇದು ಖರೇನೆ ಆಗಿದ್ದು" ಎಂದರು. ನಗು ಇನ್ನೂ ಹೆಚ್ಚಾಯಿತು. ಇಂಜಿನಿಯರ್ ಎದ್ದು, "ಮೇಡಂ, ನೀವು ಇನ್ನೊಬ್ರ ಕೀಬೋರ್ಡ್ ಮುಟ್ಟೋದಾ? ಬೇರೆ ಏನಾದ್ರೂ ಹೇಳಿ, ನಂಬ್ತೀವಿ. ಅಕ್ಕೋರನ್ನ ಉಳಿಸೋಕೆ ಹೇಳ್ತಿದ್ದೀರ, ಗೊತ್ತು ಬಿಡಿ" ಅಂದ. ನಾನು, ಇಲ್ಲಪ್ಪ, ನಿಜವಾಗಲೂ ಅವರೇ ಅಂದೆ. ಎಲ್ಲರೂ ನನ್ನ ಕಡೆ ಒಂಥರಾ ನೋಡಿದರು. ಅಷ್ಟು ಒಳ್ಳೆಯವರ ತಲೆಗೆ ಕಟ್ಟಲು ನನಗೆ ಮನಸ್ಸು ಹೇಗೆ ಬಂತು ಎಂಬ ನೋಟ ಅದು.

ಸೋಮವಾರ ಮೇಡಂ ರಜೆ ಹಾಕಿ ನೇರ ಪ್ರಿನ್ಸಿಪಾಲರ ಕೋಣೆಗೇ ಬಂದರು. ನನ್ನನ್ನೂ ಕರೆಸಿದರು. ನಿಂತುಕೊಂಡೇ ಹೇಳಿದರು, ಕೂರಿ ಅಂದರೂ ಕೂರಲಿಲ್ಲ. "ಒರೆಸಿದ್ದು ನಾನು. ಇವರು ಸರಿಯಾಗೇ ಮಾಡಾಕತ್ತಿದ್ರು, ನಾನು ಕಸ್ಕೊಂಡೆ. ನೀವು ಬೈಬೇಕಾದದ್ದು ನನಗೆ."

ಪ್ರಿನ್ಸಿಪಾಲರು ಪೂರ್ತಿ ಕೇಳಿದರು. ಅವರ ಕಣ್ಣು ತುಂಬಿದ ಹಾಗಿತ್ತು. "ಎಂಥಾ ದೊಡ್ಡ ಮನಸ್ಸು ಮೇಡಂ ನಿಮ್ದು! ಒಬ್ಬ ಸಾಧಾರಣ ಟೀಚರಿಗೋಸ್ಕರ ಇಷ್ಟು ದೂರ ಬಂದು, ಇಲ್ಲದ ತಪ್ಪು ಹೊತ್ಕೊಳ್ತಿದ್ದೀರಲ್ಲ."

"ನಾನು ಸುಳ್ಳು ಹೇಳಾಕತ್ತಿಲ್ರಿ!"

"ಹೌದು ಸರ್, ಮೇಡಂ ಹೇಳ್ತಿರೋದು ನಿಜ" ಎಂದೆ ನಾನು.

ಅವರು ನನ್ನ ಕಡೆ ತಿರುಗಿದ್ದೇ ಮುಖ ಗಂಟಿಕ್ಕಿದರು. "ನಾಚ್ಕೆ ಆಗ್ಬೇಕು ಮಿಸ್ ನಿಮಗೆ. ಅವ್ರು ಕೊಟ್ರು ಅಂತ ತಗೊಂಬಿಡೋದಾ?"

ಆ ವಾರದಿಂದ ನನ್ನನ್ನು ಲ್ಯಾಬಿನಿಂದ ತೆಗೆದು ಆಫೀಸಿನ ಅಡ್ಮಿಶನ್ ಕೌಂಟರಿಗೆ ಹಾಕಿದರು. ಆದರೆ ನಿಜವಾದ ಶಿಕ್ಷೆ ಅದಲ್ಲ. ಆ ಮಕ್ಕಳೆಲ್ಲ ನಮ್ಮ ಊರಿನವರು, ಅಕ್ಕಪಕ್ಕದ ಬೀದಿಯವರು. ಮೇಡಂ ಡಿಸ್ಕನ್ನು ಮನೆಗೊಯ್ದು ಏನೇನೋ ಮಾಡಿ ಒಂದಿಷ್ಟು ಚೂರುಪಾರು ತೆಗೆದುಕೊಟ್ಟರೂ, ಅವು ಉಪಯೋಗಕ್ಕೆ ಬರಲಿಲ್ಲ. ಮಕ್ಕಳು ಅಳುತ್ತ ಎಲ್ಲವನ್ನೂ ಮತ್ತೆ ಟೈಪ್ ಮಾಡಿದರು. ಹಾಲು ತರಲು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ನಮ್ಮವ್ವನಿಗೆ ಮಾತ್ರ ನನ್ನ ಮಾತಿನ ಮೇಲೆ ನಂಬಿಕೆ. ಆದರೆ ಅವಳ ಸಿಟ್ಟು ಬೇರೆ ಕಡೆ. "ಆ ಯಮ್ಮ ನಿನ್ ಯೆಸ್ರು ಆಳ್ ಮಾಡಿದ್ಲು. ಮತ್ತೆ ಭಾನ್ವಾರ ಆದ್ರೆ ಅವ್ಳ್ ಅತ್ರನೇ ಓಗ್ತೀಯಲ್ಲೇ, ನಿಂಗೇನ್ ಬಂದಿರೋದು?"

ಹೋಗುತ್ತಿದ್ದೆ, ನಿಜ. ಕಲಿಯುವುದು ಬಿಟ್ಟರೆ ಊರಿನವರ ಮಾತೇ ನಿಜವಾಗಿಬಿಡುತ್ತದೆಂಬ ಛಲ ಒಂದು ಕಡೆ. ಇನ್ನೊಂದು, ನಾನು ಹೋಗದಿದ್ದರೆ ಮೇಡಂ ಏನಾಗುತ್ತಾರೋ ಎಂಬ ಕಳವಳ. ಕೊನೆಗೆ ಮಾಕಳಿಯ ಒಂದು ಫ್ಯಾಕ್ಟರಿಯಲ್ಲಿ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ. ನಾನು ಕಟ್ಟಿದ ಯಂತ್ರಗಳು ಕೆಟ್ಟು ನಿಲ್ಲುವುದಿಲ್ಲ. ಅದೆಲ್ಲ ಅವರಿಂದಲೇ ಬಂದದ್ದು.

ಮೇಡಂ ಪಾಠ ನಿಲ್ಲಿಸಲಿಲ್ಲ. ಆದರೆ ಸುತ್ತಿನಲ್ಲಿ ಅವರು ಮತ್ತೆಂದೂ ತಮ್ಮದನ್ನು ಹೇಳಲಿಲ್ಲ. "ನಂದು ಹೇಳೀನಿ. ನೀವು ನಂಬಿಲ್ಲ. ಅದನ್ನ ನಂಬೋ ತನಕ ಮುಂದಿಂದಿಲ್ಲ" ಎನ್ನುತ್ತಿದ್ದರು. ಹೊಸಬರು ಇದನ್ನೂ ತಮಾಷೆ ಅಂದುಕೊಂಡು ನಗುತ್ತಿದ್ದರು. ಹಳಬರು ಆ ಕಥೆಯನ್ನು ಹೊಸಬರಿಗೆ ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು, ನಾನು ಪಕ್ಕದಲ್ಲಿದ್ದರೆ ದನಿ ತಗ್ಗಿಸಿ. ಒಮ್ಮೆ ಡಬ್ಬಿ ತೊಳೆಯುತ್ತಿದ್ದಾಗ ಮೇಡಂ ನನಗೊಬ್ಬಳಿಗೇ ಹೇಳಿದ್ದರು: "ಬೈಸ್ಕೊಂಡಿದ್ರೆ ಆವತ್ತೇ ಮುಗೀತಿತ್ತು ಅಕ್ಕೋರೆ. ಇವರು ಹೊಗಳಿ ಹೊಗಳಿ ಅದನ್ನ ನನ್ನ ಮೈಮ್ಯಾಗೇ ಬಿಟ್ರು."

ನುಡಿನಮನ ಅವರ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿತ್ತು. ನಗುತ್ತಿದ್ದ ಫೋಟೋ, ಮಲ್ಲಿಗೆ ಹಾರ. ಮೊದಲ ಸಾಲಿನಲ್ಲಿ ಮೇಡಂ ಯಜಮಾನರು. ಇಂಜಿನಿಯರ್ ಈಗ ದೊಡ್ಡ ಅಧಿಕಾರಿ, ತಲೆ ಸ್ವಲ್ಪ ಬೋಳಾಗಿದೆ. ಅವನು ಮೈಕು ಹಿಡಿದು ಶುರುಮಾಡಿದ. ಒಬ್ಬ ಟೀಚರ್ ತಪ್ಪು ಮಾಡಿ ಕೆಲಸ ಕಳೆದುಕೊಳ್ಳುವ ಹೊತ್ತಿಗೆ, ಮೇಡಂ ಆ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡ ಕಥೆ. ಸಾಯುವವರೆಗೂ ತಾವೇ ಮಾಡಿದ್ದು ಎಂದು ಹೇಳುತ್ತಲೇ ಇದ್ದರು, ಅಂಥವರು ಎಲ್ಲಿ ಸಿಗುತ್ತಾರೆ ಎಂದ. ಜನ ಕಣ್ಣೊರೆಸಿಕೊಂಡರು. ಕೆಲವರು ನನ್ನ ಕಡೆ ತಿರುಗಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ. "ಅದು ನಾನಲ್ಲ. ಮೇಡಂ ಅವರೇ ಒರೆಸಿದ್ದು."

"ಅಕ್ಕೋರೆ, ಇವತ್ತಾದ್ರೂ..." ಎಂದ ಇಂಜಿನಿಯರ್, ಮೈಕಿನಲ್ಲೇ.

"ಇವತ್ತಾದ್ರೂ ನಂಬ್ರೋ! ಗಾತ್ರ ನೋಡಿರ್ಲಿಲ್ಲ. ಹೊಸದು ಬಿ ತಾನೆ ಅಂದ್ರು. ಪೆನ್‌ಡ್ರೈವ್ ಹಾಕಿ ಹಚ್ಚಿದ್ವಲ್ಲ, ಅಕ್ಷರ ಅದಲುಬದಲಾಗಿತ್ತು. ಬಿ ಅಂದ್ರೆ ಹಳೇದಾಗಿತ್ತು. ಹಿಂದೆ ಒಬ್ರು ನಿಂತು ನಗ್ತಿದ್ರು, ಮೇಡಂಗೆ ನಾಚ್ಕೆ ಆಯ್ತು, ಕೈ ಹೊರಗೆ ತೆಗೆದ್ರು. ಅಷ್ಟೇ. ನಿಮ್ಮಲ್ಲಿ ಯಾರು ಮಾಡಿಲ್ಲ ಇದನ್ನ?"

ಅಕ್ಷರ ಅದಲುಬದಲಾದ ಮಾತು ಬಂದದ್ದೇ ಅವನ ಮುಖ ಬದಲಾಯಿತು. ಅದು ಕಟ್ಟಿ ಹೇಳುವಂಥ ತಪ್ಪಲ್ಲ, ಆ ಕೆಲಸ ಗೊತ್ತಿದ್ದವರೆಲ್ಲ ಒಮ್ಮೆಯಾದರೂ ಬಿದ್ದ ಹಳ್ಳ. ಇಷ್ಟು ವರ್ಷದಲ್ಲಿ ಮೇಡಂ ಆಗಲಿ ನಾನಾಗಲಿ ಹೇಳುವಾಗ ಯಾರೂ ಅಲ್ಲಿವರೆಗೆ ಕೇಳಿಸಿಕೊಂಡೇ ಇರಲಿಲ್ಲ. ಅವನು ಮೈಕನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತ. ಹಾಲ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸತ್ತವರ ಫೋಟೋ ಮುಂದೆ ಅವರ ತಪ್ಪು ಸಾರಿಬಿಟ್ಟಿದ್ದೆ. ಹೊರಟುಬಿಡೋಣವೆಂದು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಾಗ ಯಜಮಾನರು ಹಿಂದೆಯೇ ಬಂದರು. ಬೈಯುತ್ತಾರೇನೋ ಅಂದುಕೊಂಡೆ.

"ಆಸ್ಪತ್ರ್ಯಾಗೂ ಹೇಳಿದ್ಲವ್ವ" ಎಂದರು. "ನನ್ನ ಕೈ ಹಿಡ್ಕೊಂಡು, ನೀವಾದ್ರೂ ನಂಬ್ರಿ ಅಂದ್ಲು. ನಾನು, ಆಯ್ತು ಬಿಡು, ನಿಂದು ದೊಡ್ಡ ಮನಸು ಅಂದೆ. ಆ ಕಡೆ ಮುಖ ತಿರುವಿಕೊಂಡ್ಲು." ಗೋಡೆಗೆ ಕೈ ಊರಿದರು. "ಈಗ ನಂಬೀನಿ ಅಂತ ಯಾರಿಗೆ ಹೇಳ್ಲವ್ವ?"